ಮೂರು ಗೋಡೆಯೊಳಗಿನ ನೋಟ್‌ಬುಕ್

ಅಮೆರಿಕದ ಅಪಲಾಚಿಯನ್ ಟ್ರೇಲ್ ಎಂಬ ಕಾಲ್ನಡಿಗೆಯ ದಾರಿ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಲ್ಲಿ ಹೊರಟು ಮೇಯ್ನ್ ರಾಜ್ಯದ ಕಟಾಡಿನ್ ಶಿಖರದಲ್ಲಿ ಮುಗಿಯುತ್ತದೆ. 14 ರಾಜ್ಯ, ಸುಮಾರು 3,500 ಕಿ.ಮೀ. ದಾರಿಯುದ್ದಕ್ಕೂ 250ಕ್ಕೂ ಹೆಚ್ಚು ತಂಗುದಾಣಗಳಿವೆ. ಹೆಚ್ಚಿನವಕ್ಕೆ ಮೂರೇ ಗೋಡೆ, ಇಲಿಗಳಿಗೇನೂ ಬರವಿಲ್ಲ. ಮೆಚ್ಚಬೇಕಾದ್ದು ಕಟ್ಟಡವನ್ನಲ್ಲ, ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಸಾದಾ ನೋಟ್‌ಬುಕ್ಕನ್ನು.

ಬಂದವರು ಅದರಲ್ಲಿ ನಾಲ್ಕು ಸಾಲು ಗೀಚುತ್ತಾರೆ: ಮುಂದಿನ ಒರತೆ ಬತ್ತಿದೆ, ಕರಡಿ ಓಡಾಡುತ್ತಿದೆ, ಮಂಡಿ ಮಾತು ಕೇಳುತ್ತಿಲ್ಲ. ಸಹಿ ಮಾತ್ರ ದಾರಿಯಲ್ಲಿ ಜೊತೆಗಾರರು ಇಟ್ಟ ಅಡ್ಡಹೆಸರಿನಲ್ಲಿ. ಬರೆದವರು ವಕೀಲರೋ ಬಡಗಿಯೋ, ಯಾರಿಗೂ ಬೇಕಿಲ್ಲ. ಎರಡು ದಿನ ಹಿಂದೆ ನಡೆಯುವವರಿಗೆ ಮುಂದಿನವರ ಕೈಬರಹ ಪರಿಚಯವಾಗುತ್ತದೆ. ಮುಖ ನೋಡದೆಯೇ ಸ್ನೇಹ ಬೆಳೆಯುತ್ತದೆ. ಯಾರಾದರೂ ಕಾಣೆಯಾದರೆ ಹುಡುಕುವವರು ತಿರುವಿ ನೋಡುವುದೂ ಇದೇ ಪುಟಗಳನ್ನು.

ಈ ದಾರಿ ಎಂಥೆಂಥವರನ್ನು ಕಂಡಿದೆ! 1948ರಲ್ಲಿ ಅರ್ಲ್ ಶಾಫರ್ ಯುದ್ಧದ ನೆನಪಿನಿಂದ ಬಿಡಿಸಿಕೊಳ್ಳಲು ನಡೆದರು. 1955ರಲ್ಲಿ, 11 ಮಕ್ಕಳ ತಾಯಿ, 67ರ ಎಮ್ಮಾ ಗೇಟ್‌ವುಡ್ ಕ್ಯಾನ್ವಾಸ್ ಬೂಟು ತೊಟ್ಟು, ತಾವೇ ಹೊಲಿದ ಚೀಲ ಹೆಗಲಿಗೇರಿಸಿ, ಮಳೆಗೆ ಬಚ್ಚಲಮನೆಯ ಪ್ಲಾಸ್ಟಿಕ್ ಪರದೆ ಇಟ್ಟುಕೊಂಡು ಒಂಟಿಯಾಗಿ ಪೂರೈಸಿದರು. ದುಬಾರಿ ಸಲಕರಣೆಯ ಅಂಗಡಿಗಳು ಈ ಅಜ್ಜಿಯ ಫೋಟೊ ತೂಗುಹಾಕಲಾರವು!

1990ರಲ್ಲಿ ಕಣ್ಣು ಕಾಣದ ಬಿಲ್ ಅರ್ವಿನ್ ನಡೆದದ್ದು ಓರಿಯಂಟ್ ಎಂಬ ನಾಯಿಯ ಜೊತೆ. ಜೋಡಿಗೆ ಬಿದ್ದ ಅಡ್ಡಹೆಸರು ‘ಓರಿಯಂಟ್ ಎಕ್ಸ್‌ಪ್ರೆಸ್’.

ಈಗ ನೀರಿನ ಸುದ್ದಿ ಮೊಬೈಲ್ ಆ್ಯಪ್‌ನಲ್ಲೇ ಸಿಗುತ್ತದೆ. ಆದರೂ ನೋಟ್‌ಬುಕ್ ತುಂಬಿದಾಗ ಸ್ವಯಂಸೇವಕರು ಹೊಸದನ್ನು ಹೊತ್ತು ತಂದಿಡುತ್ತಾರೆ.