ಚಾಮಯ್ಯ ಮೇಷ್ಟ್ರ ಮೆದು ದನಿ: ಕೆ. ಎಸ್. ಅಶ್ವಥ್ ಅವರ ಅಭಿನಯದ ಬಗ್ಗೆ

ಪೋಷಕ ನಟರ ಬಗ್ಗೆ ಬರೆಯುವಾಗ ನಾವು ಪಾತ್ರಗಳ ಪಟ್ಟಿ ಕೊಟ್ಟು, 'ಪಾತ್ರಕ್ಕೆ ಜೀವ ತುಂಬಿದರು' ಎಂದು ಕೈತೊಳೆದುಕೊಳ್ಳುವುದೇ ಹೆಚ್ಚು. ಕೆ. ಎಸ್. ಅಶ್ವಥ್ ಅವರ ವಿಷಯದಲ್ಲಿ ಇದು ಇನ್ನೂ ಸಲೀಸು. 300ಕ್ಕೂ ಹೆಚ್ಚು ಚಿತ್ರಗಳು, ಬಹುಪಾಲು ಅಪ್ಪ, ಅಣ್ಣ, ಮೇಷ್ಟ್ರು, ಊರಿನ ಹಿರಿಯ. ಪಂಢರೀಬಾಯಿ ಅವರ ಪಕ್ಕದಲ್ಲಿ ನಿಂತರಂತೂ ಕನ್ನಡ ಸಿನಿಮಾದ ತಂದೆತಾಯಿಯೇ ಸಿದ್ಧ. ಆ ಒಳ್ಳೆಯತನ ತೆರೆಯ ಮೇಲೆ ಏನು ಕೆಲಸ ಮಾಡುತ್ತಿತ್ತು ಎಂಬುದನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಈ ಪ್ರಬಂಧದಲ್ಲಿ ಅದನ್ನು ಒಂದೇ ಪಾತ್ರದ ಮೂಲಕ ಕೇಳುತ್ತೇನೆ. 'ನಾಗರಹಾವು' ಚಿತ್ರದ ಚಾಮಯ್ಯ ಮೇಷ್ಟ್ರು.

ಮೊದಲು ನಟನ ಹಿನ್ನೆಲೆ. ಅಶ್ವಥ್ ಮೈಸೂರಿನವರು, ಹುಟ್ಟಿದ್ದು 1925ರ ಮಾರ್ಚ್ 25ರಂದು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಓದು ನಿಂತಿತು. ಮುಂದೆ ಫುಡ್ ಇನ್‌ಸ್ಪೆಕ್ಟರ್ ಆಗಿ ನೌಕರಿ, ಜೊತೆಗೆ ಮೈಸೂರು ಆಕಾಶವಾಣಿಯ ನಾಟಕಗಳು. ಅಲ್ಲಿಂದ 1955ರ 'ಸ್ತ್ರೀರತ್ನ' ಚಿತ್ರಕ್ಕೆ. ಕಂಪನಿ ನಾಟಕಗಳಿಂದ ಬಂದವರ ಮಾತು ಕೊನೆಯ ಸಾಲಿನ ಪ್ರೇಕ್ಷಕನಿಗೆ ಮುಟ್ಟುವಂತೆ ಪಳಗಿರುತ್ತಿತ್ತು. ರೇಡಿಯೋ ಬೇಡುವುದು ಬೇರೆ. ಮೈಕ್ ಬಾಯಿಯ ಹತ್ತಿರವೇ ಇರುತ್ತದೆ, ಕೇಳುವವನು ತನ್ನ ಮನೆಯಲ್ಲೇ ಕೂತಿರುತ್ತಾನೆ. ಅಶ್ವಥ್ ಅವರ ಮಾತಿನಲ್ಲಿ ಆ ಹತ್ತಿರದ ದನಿ ಕೊನೆಯವರೆಗೂ ಉಳಿಯಿತು ಎಂಬುದು ನನ್ನ ಅಭಿಪ್ರಾಯ. ಅವರು ಗದರಿದರೂ ನಮ್ಮ ಮನೆಯ ಹಜಾರದಲ್ಲೇ ಯಾರೋ ಗದರಿದ ಹಾಗಿರುತ್ತದೆ.

1971ರ 'ಕಸ್ತೂರಿ ನಿವಾಸ'ದಲ್ಲಿ ಅವರು ರಾಮಯ್ಯ. ರಾಜ್‌ಕುಮಾರ್ ಅವರಿಗಿಂತ ಅಶ್ವಥ್ ನಾಲ್ಕೇ ವರ್ಷ ದೊಡ್ಡವರು. ಚಿತ್ರ ನೋಡುವಾಗ ಈ ಲೆಕ್ಕ ಯಾರಿಗೂ ಹೊಳೆಯುವುದಿಲ್ಲ. ಕೊಟ್ಟೇ ಬರಿಗೈಯಾಗುವ ಒಡೆಯನನ್ನು ನೋಡುತ್ತಾ ನಿಲ್ಲುವ ಪಾತ್ರ ಅದು. ತಡೆಯುವ ಅಧಿಕಾರವಿಲ್ಲ, ಬಿಟ್ಟುಹೋಗುವ ಮನಸ್ಸಿಲ್ಲ. ಒಬ್ಬರ ಮಾತು ಕೇಳುತ್ತಾ ನಿಂತ ಮುಖದಲ್ಲೇ ಇಷ್ಟನ್ನೂ ಹೇಳಬಲ್ಲ ನಟ ಎಂದು ಅಲ್ಲಿ ಗೊತ್ತಾಗುತ್ತದೆ.

ಮರುವರ್ಷ 'ನಾಗರಹಾವು'. ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ ಕಟ್ಟಿದ ಚಿತ್ರ. ಚಿತ್ರದುರ್ಗದ ಬಂಡೆ, ಕೋಟೆ, ಹೊಸ ಹುಡುಗ ವಿಷ್ಣುವರ್ಧನ್. ಕಾಲೇಜಿನ ಪ್ರಿನ್ಸಿಪಾಲರನ್ನೇ ಕಂಬಕ್ಕೆ ಕಟ್ಟಿಹಾಕುವ ರಾಮಾಚಾರಿ, ಚಾಮಯ್ಯ ಮೇಷ್ಟ್ರ ಎದುರು ಮಾತ್ರ ತಲೆ ತಗ್ಗಿಸುತ್ತಾನೆ. ಮಕ್ಕಳಿಲ್ಲದ ಮೇಷ್ಟ್ರಿಗೂ ಅವರ ಹೆಂಡತಿ ತುಂಗಮ್ಮನಿಗೂ (ಲೀಲಾವತಿ) ಅವನೇ ಮಗ. ಇಷ್ಟು ಎಲ್ಲರಿಗೂ ಬಾಯಿಪಾಠ. ನಮ್ಮ ಕನ್ನಡ ಕೂಟಗಳ ಶಿಕ್ಷಕರ ದಿನದ ಭಾಷಣಗಳಲ್ಲಿ ಚಾಮಯ್ಯ ಮೇಷ್ಟ್ರು ಆದರ್ಶ ಗುರುವಾಗಿ ಬಂದೇ ಬರುತ್ತಾರೆ.

ಈಗ ಅವರು ಮಾಡಿದ್ದನ್ನು ನೋಡೋಣ. ರಾಮಾಚಾರಿ ಅಲಮೇಲುವನ್ನು ಪ್ರೀತಿಸುತ್ತಾನೆ. ಮೇಷ್ಟ್ರು ತ್ಯಾಗದ ಮಾತಾಡಿ ಅವಳನ್ನು ಬಿಟ್ಟುಕೊಡಿಸುತ್ತಾರೆ. ಬೇರೆಯವನನ್ನು ಮದುವೆಯಾದ ಅಲಮೇಲು ವೇಶ್ಯಾವಾಟಿಕೆಗೆ ಬೀಳುತ್ತಾಳೆ. ಅವಳನ್ನು ಆ ಸ್ಥಿತಿಯಲ್ಲಿ ಹೋಟೆಲೊಂದರಲ್ಲಿ ಕಣ್ಣಾರೆ ನೋಡುವ ಸರದಿ ರಾಮಾಚಾರಿಯದು. ಮುಂದೆ ಕ್ರೈಸ್ತ ಹುಡುಗಿ ಮಾರ್ಗರೆಟ್ ಬಂದಾಗಲೂ ಮೇಷ್ಟ್ರ ಸಲಹೆ ಅದೇ: ಬಿಡು.

ಕಳೆದ ಚಳಿಗಾಲ ಪ್ಲೇನ್‌ಫೀಲ್ಡ್‌ನ ನಮ್ಮ ಬೇಸ್‌ಮೆಂಟಿನಲ್ಲಿ ಐದಾರು ಮನೆಯವರು ಸೇರಿ ಈ ಚಿತ್ರ ನೋಡಿದೆವು. ಡೆಟ್ರಾಯಿಟ್ ಕಡೆಯಿಂದ ಬಂದಿದ್ದ ನೆಂಟರೂ ಇದ್ದರು. ಅವರ ಹದಿನಾರರ ಮಗಳು ಅಲಮೇಲುವಿನ ಪ್ರಸಂಗ ಮುಗಿಯುತ್ತಲೇ ಕೇಳಿದಳು: "ಅಂಕಲ್, ಈ ಮೇಷ್ಟ್ರೇ ವಿಲನ್ ಅಲ್ವಾ?" ದೊಡ್ಡವರೆಲ್ಲ ಒಟ್ಟಿಗೇ "ಛೆ ಛೆ" ಎಂದೆವು. ಅವಳ ಅಜ್ಜಿ ಮಾತ್ರ ಸುಮ್ಮನಿದ್ದರು. ಹುಡುಗಿ ಸಬ್‌ಟೈಟಲ್ ಓದಿಕೊಂಡು ನೋಡುತ್ತಿದ್ದಳು. ಸಬ್‌ಟೈಟಲ್‌ನಲ್ಲಿ ಮೇಷ್ಟ್ರ ಮಾತಿನ ಅರ್ಥವಷ್ಟೇ ಇತ್ತು, ಅದು ಅವಳಿಗೆ ಇದ್ದಂತೆಯೇ ಕಂಡಿತು. ನಮಗೆ ಅರ್ಥಕ್ಕಿಂತ ಮೊದಲು ಅಶ್ವಥ್ ಅವರ ದನಿ ಬಂದು ಮುಟ್ಟಿತ್ತು.

ಅವರ ಅಭಿನಯದ ಶಕ್ತಿಯೂ ಅಪಾಯವೂ ಇಲ್ಲಿಯೇ ಇದೆ. ಮೇಷ್ಟ್ರು ಬೆತ್ತ ಹಿಡಿದಿದ್ದರೆ ರಾಮಾಚಾರಿ ಮುರಿದು ಬಿಸಾಡುತ್ತಿದ್ದ. ಅಶ್ವಥ್ ಬೇಡುವವರಂತೆ ಮಾತಾಡುತ್ತಾರೆ. ಹೆಗಲ ಮೇಲೆ ಕೈಯಿಟ್ಟು, 'ನನ್ನ ಮಾತು ನೀನು ಮೀರುವುದಿಲ್ಲ' ಎಂಬ ನಂಬಿಕೆಯನ್ನೇ ಹೊರೆಯಾಗಿ ಇಡುತ್ತಾರೆ. ನಾಗರಹಾವು ಕೇರೆಹಾವಾಯಿತು ಎಂದು ತ.ರಾ.ಸು. ಈ ಚಿತ್ರದ ಬಗ್ಗೆ ಬೇಸರಪಟ್ಟರೆಂಬುದು ಪ್ರಚಲಿತ ಮಾತು. ಆದರೆ ಹಾವನ್ನು ಆಡಿಸುವ ಪುಂಗಿ ಚಿತ್ರದೊಳಗೇ ಇದೆ. ಅದು ಈ ದನಿ. ಪುಟ್ಟಣ್ಣನವರೇ 1974ರಲ್ಲಿ ಹಿಂದಿಯಲ್ಲಿ 'ಜಹ್ರೀಲಾ ಇನ್ಸಾನ್' ಮಾಡಿದಾಗ ಮೇಷ್ಟ್ರ ಪಾತ್ರಕ್ಕೆ ಪ್ರಾಣ್ ಬಂದರು. ದೊಡ್ಡ ನಟ, ಸಂಶಯವಿಲ್ಲ. ಆದರೆ ಪ್ರಾಣ್ ಮಾತಿನಲ್ಲಿ ತೂಕವಿದೆ, ಮಡಿಲಿಲ್ಲ. ಅಲ್ಲಿ ಶಿಷ್ಯನ ವಿಧೇಯತೆ ಕಥೆಗಾಗಿ ಬಂದಂತೆ ಕಾಣುತ್ತದೆ.

ಹಾಗಾದರೆ ಚಾಮಯ್ಯ ವಿಲನ್ನೇ? ಅಷ್ಟು ಸುಲಭದ ಉತ್ತರಕ್ಕೆ ಅಶ್ವಥ್ ಅವಕಾಶ ಕೊಡುವುದಿಲ್ಲ. ಅವರ ಮುಖದಲ್ಲಿ ಕಪಟದ ಎಳೆಯೂ ಇಲ್ಲ. ಮೇಷ್ಟ್ರಿಗೆ ಹುಡುಗನ ಮೇಲೆ ನಿಜವಾದ ಪ್ರೀತಿಯಿದೆ, ಊರಿನ ಕಟ್ಟಳೆಯ ಮೇಲೆ ಅಷ್ಟೇ ನಿಜವಾದ ನಂಬಿಕೆಯಿದೆ. ಎರಡೂ ಒಂದೇ ಎಂದು ಅವರು ತಿಳಿದಿದ್ದಾರೆ. ಇಲ್ಲಿನ ನಮ್ಮ ಮನೆಗಳಲ್ಲಿಯೂ ಈಗ ಯಾರೂ ಮಕ್ಕಳ ಮೇಲೆ ಕೈಯೆತ್ತುವುದಿಲ್ಲ. ಮಗನೋ ಮಗಳೋ ತಾವೇ ಆರಿಸಿಕೊಂಡವರ ಹೆಸರು ಹೇಳಿದಾಗ ನಾವು ಬಳಸುವುದು ಈ ಮೆದು ದನಿಯನ್ನೇ: 'ನಿನ್ನಿಷ್ಟ ಪುಟ್ಟ, ಆದರೆ ಅಜ್ಜಿಗೆ ಹೇಗೆ ಹೇಳೋದು?' ಅಶ್ವಥ್ ಅದನ್ನು ಎಷ್ಟು ಖಚಿತವಾಗಿ ಹಿಡಿದರೆಂದರೆ, ಐದು ದಶಕ ನಾವು ಅದನ್ನು ಬರೀ ವಾತ್ಸಲ್ಯವೆಂದೇ ಕೇಳಿಸಿಕೊಂಡೆವು.

2018ರಲ್ಲಿ ಚಿತ್ರ ಡಿಜಿಟಲ್ ರೂಪದಲ್ಲಿ ಮತ್ತೆ ತೆರೆಕಂಡಾಗ ಗುರುವೂ ಇರಲಿಲ್ಲ, ಶಿಷ್ಯನೂ ಇರಲಿಲ್ಲ. ವಿಷ್ಣುವರ್ಧನ್ ಹೋದದ್ದು 2009ರ ಡಿಸೆಂಬರ್ 30ರಂದು. ಅಶ್ವಥ್ 2010ರ ಜನವರಿ 18ರಂದು, ಮೈಸೂರಿನಲ್ಲಿ.

ಕೊನೆಯ ದೃಶ್ಯದ ಬಗ್ಗೆ ಒಂದು ಮಾತು. ಬೆಟ್ಟದ ಮೇಲೆ ಮಾರ್ಗರೆಟ್ ಜೊತೆ ನಿಂತ ರಾಮಾಚಾರಿಯನ್ನು ತಿರುಗಿಸಲು ಮೇಷ್ಟ್ರು ಬರುತ್ತಾರೆ. ಇಷ್ಟು ದಿನ ನಡೆದ ಮಾತು ಇಲ್ಲಿ ನಡೆಯುವುದಿಲ್ಲ. ಆವೇಶದಲ್ಲಿ ಹುಡುಗ ತಳ್ಳುತ್ತಾನೆ, ಮೇಷ್ಟ್ರು ಪ್ರಪಾತಕ್ಕೆ ಬೀಳುತ್ತಾರೆ, ಹಿಂದೆಯೇ ಇಬ್ಬರೂ ಹಾರುತ್ತಾರೆ. ನಾವು ಅಳುವುದು ಸಾಮಾನ್ಯವಾಗಿ ಆ ಹಾರುವಿಕೆಗೆ. ಅದಕ್ಕೆ ಮುಂಚೆ, ಮಾತು ನಡೆಯದೆ ಹೋದ ಹೊತ್ತಿನಲ್ಲಿ, ಅಶ್ವಥ್ ಅವರ ಮುಖ ನೋಡಿ. ಮಗನಂತಿದ್ದವನು 'ಇಲ್ಲ' ಅನ್ನಬಹುದು ಎಂಬುದೇ ಗೊತ್ತಿರದಿದ್ದ ಮನುಷ್ಯ ಅಲ್ಲಿ ನಿಂತಿದ್ದಾನೆ.