ವೈಟಾಂಗಿ ಒಡಂಬಡಿಕೆ: ಉಪನ್ಯಾಸಗಳಲ್ಲಿ ಒಂದು ಲೋಪ

ನ್ಯೂಜಿಲೆಂಡಿನ ಮಾವೋರಿ ಜನರ ಹಕ್ಕುಗಳನ್ನು ಕುರಿತ ಸಾರ್ವಜನಿಕ ಉಪನ್ಯಾಸಗಳಲ್ಲಿ 1840ರ ವೈಟಾಂಗಿ ಒಡಂಬಡಿಕೆಗೆ ಅಗ್ರಸ್ಥಾನವುಂಟು. ಅದು ಉಚಿತವೇ. ಆದರೆ ಆಂಗ್ಲಪಾಠವನ್ನೇ ಪ್ರಮಾಣವೆಂದೂ ಮಾವೋರಿ ಪಾಠವನ್ನು ಬರಿಯ ಭಾಷಾಂತರವೆಂದೂ ಬಗೆದು ವಿವರಿಸುವುದನ್ನು ನಾವು ಒಪ್ಪಲಾರೆವು. ಅದು ಭಾಷಾಂತರವೆಂಬುದೇನೋ ದಿಟ, ಫೆಬ್ರವರಿ 4ರ ರಾತ್ರಿ ಪಾದ್ರಿ ಹೆನ್ರಿ ವಿಲಿಯಮ್ಸರೂ ಅವರ ಮಗನೂ ಅದನ್ನು ಸಿದ್ಧಪಡಿಸಿದರು (ಒಂದೇ ರಾತ್ರಿಯಲ್ಲಿ!). ಆದರೆ 500ಕ್ಕೂ ಮಿಕ್ಕ ನಾಯಕರು ಸಮ್ಮತಿಸಿದ್ದು ಆ ಪಾಠಕ್ಕೆ. ಆಂಗ್ಲಪಾಠಕ್ಕೆ ಅಂಕಿತ ಹಾಕಿದವರು 39 ಮಂದಿ ಮಾತ್ರ. ಆಂಗ್ಲಪಾಠದ ಮೊದಲನೆಯ ವಿಧಿಯ ‘ಸಾರ್ವಭೌಮತ್ವ’ವು ಮಾವೋರಿಯಲ್ಲಿ ‘ಕಾವನತಂಗ’, ಎಂದರೆ ಆಡಳಿತ, ಎಂದಾಯಿತು. ಎರಡನೆಯ ವಿಧಿಯಾದರೋ ನೆಲ, ಊರು, ಅಮೂಲ್ಯ ವಸ್ತುಗಳ ಮೇಲಿನ ‘ರಂಗತಿರತಂಗ’ವನ್ನು, ಅಂದರೆ ಒಡೆತನದ ಪೂರ್ಣಾಧಿಕಾರವನ್ನು, ನಾಯಕರಿಗೂ ಕುಲಗಳಿಗೂ ಜನಕ್ಕೂ ಉಳಿಸಿತು. ಕೊಟ್ಟುದೇನು, ಉಳಿಸಿಕೊಂಡುದೇನು ಎಂಬ ವಿವಾದದ ಬೇರು ಇಲ್ಲಿದೆ. ರೂತ್ ರಾಸ್ ಅವರು 1972ರಲ್ಲಿಯೇ ಈ ಪಾಠಗಳನ್ನು ತೂಗಿ ನೋಡಿದ್ದರು. 1975ರಲ್ಲಿ ಸ್ಥಾಪಿತವಾದ ವೈಟಾಂಗಿ ನ್ಯಾಯಮಂಡಳಿಯು, 1840ರ ಫೆಬ್ರವರಿಯಲ್ಲಿ ಅಂಕಿತ ಹಾಕಿದ ನಾಯಕರು ಸಾರ್ವಭೌಮತ್ವವನ್ನು ಬಿಟ್ಟುಕೊಡಲಿಲ್ಲವೆಂದು 2014ರಲ್ಲಿ ನಿರ್ಣಯಿಸಿತು. ಶಾಸನದ ಒಂದಕ್ಷರಕ್ಕಾಗಿ ವರ್ಷಗಟ್ಟಲೆ ವಾದಿಸುವ ನಮ್ಮವರಿಗೆ ಇದರ ತೂಕ ಸುಲಭವಾಗಿ ತಿಳಿದೀತು. ಸಭಿಕರ ಮುಂದೆ ಎರಡೂ ಪಾಠಗಳನ್ನಿರಿಸಿ, ಮಾವೋರಿ ಪಾಠದಿಂದಲೇ ಉಪನ್ಯಾಸವನ್ನು ಆರಂಭಿಸತಕ್ಕದ್ದೆಂದು ನಮ್ಮ ಅಭಿಪ್ರಾಯ.