ಮೂರು ಮೂಲೆಯ ಬಟ್ಟೆ

ಡಿಸೆಂಬರ್ ಬಂತೆಂದರೆ ಶಿಕಾರಿಪುರ, ಸೊರಬದ ಕಡೆ ಅಡಿಕೆ ಕೊಯ್ಲು. ಚರ್ಚುಗಳಲ್ಲಿ ಕ್ಯಾರಲ್ ಹಾಡುವ ಕಾಲವೂ ಅದೇ. ಗೋದಲಿಯ ಮುಂದೆ, ಕೊಯ್ಲಿನಲ್ಲಿ ಮರದಿಂದ ಬಿದ್ದವರಿಗೆ ನೆರವಾಗುವ ಪ್ರಥಮ ಚಿಕಿತ್ಸೆಯ ಸ್ವಯಂಸೇವಕರಿಗೂ ಒಂದು ಹಾಡು ಸಲ್ಲಬೇಕು ಅನ್ನುವವನು ನಾನು. ಅವರ ಚೀಲದಲ್ಲಿ ನನಗೆ ತೀರಾ ಇಷ್ಟವಾದದ್ದು ತ್ರಿಕೋನ ಬಟ್ಟೆ. ಸುಮಾರು ಒಂದು ಮೀಟರ್ ಚೌಕದ ಹತ್ತಿಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ಸಿದ್ಧ. 19ನೇ ಶತಮಾನದಲ್ಲಿ ಜರ್ಮನಿಯ ಸೇನಾವೈದ್ಯ ಎಸ್ಮಾರ್ಕ್ ಅದನ್ನು ಜನಪ್ರಿಯಗೊಳಿಸಿ ಹೆಸರಾದ. ಬಿಡಿಸಿದರೆ ಮುರಿದ ಕೈಗೆ ಜೋಲಿ, ಮಡಚಿದರೆ ಪಟ್ಟಿ, ತಲೆಗೆ ಕಟ್ಟಿದರೆ ರುಮಾಲು. ಗಂಟು ಮಾತ್ರ ರೀಫ್ ನಾಟ್: ಚಪ್ಪಟೆಯಾಗಿ ಕೂರುತ್ತದೆ, ಮೈಗೆ ಒತ್ತುವುದಿಲ್ಲ, ಬಿಚ್ಚಲೂ ಸಲೀಸು. ಬಟ್ಟೆ ಇಲ್ಲವೇ? ಹೆಗಲ ಮೇಲಿನ ಟವೆಲ್ಲೂ ಆದೀತು. ಆದರೆ ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡ ಮರದಿಂದ ಬಿದ್ದರೆ ಎತ್ತಿ ಕೂರಿಸುವ ಆತುರ ಬೇಡ. ಕುತ್ತಿಗೆ ಅಲುಗಿಸದೆ ಮೊದಲು 108ಕ್ಕೆ ಫೋನ್ ಮಾಡಿ.